ಸಂತೋಷಿಸಿರಿ ಎನ್ನುವ ಮೊದಲು: ಗಡಿಯ ಒಂದು ಮನೆಯ ಪ್ರಕರಣ

ಕೇರಳದ ಗಡಿಯ ಮಂಜೇಶ್ವರ ತಾಲೂಕಿನ ಒಂದು ಕ್ರೈಸ್ತ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯವರೇ ಬರೆಯಿರಿ ಎಂದಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಹೆಸರುಗಳಿಲ್ಲ. ಗಂಡನನ್ನು ಅಣ್ಣ, ಹೆಂಡತಿಯನ್ನು ಅಕ್ಕ, ಅಣ್ಣನ ತಾಯಿಯನ್ನು ಅಜ್ಜಿ ಎನ್ನುತ್ತೇನೆ. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಅವರನ್ನು ಕರೆಯುವುದೂ ಹಾಗೇ.

ನಾನು ಸಭೆಯ ಭೇಟಿ ತಂಡದಲ್ಲಿದ್ದೇನೆ. ರೋಗಿಗಳಿರುವ ಮನೆಗೆ, ಸಾವಾದ ಮನೆಗೆ ಹೋಗಿ ಬರುವುದು ನಮ್ಮ ಕೆಲಸ. ಕಷ್ಟಕಾಲದಲ್ಲಿ ಕ್ರಿಸ್ತನು ಸಂತೋಷ ಕೊಡುತ್ತಾನೆ ಎಂದು ನಾನು ಮನಸಾರೆ ನಂಬುತ್ತೇನೆ. ಈ ಮನೆಯಲ್ಲಿ ಅದನ್ನು ಕಣ್ಣಾರೆ ನೋಡಿದೆ. ಆದರೆ ಅದಕ್ಕೂ ಮೊದಲು, ಅದೇ ನಂಬಿಕೆಯ ಹೆಸರಿನಲ್ಲಿ ಈ ಮನೆಯವರಿಗೆ ತುಂಬಾ ನೋವಾಗಿತ್ತು. ಅದನ್ನು ಬಿಟ್ಟು ಬರೀ ಒಳ್ಳೆಯದನ್ನು ಬರೆದರೆ ಬೇರೆ ಸಭೆಯವರಿಗೆ ಇದರಿಂದ ಪ್ರಯೋಜನವಿಲ್ಲ.

ಮನೆ, ತೋಟ, ಬಿದ್ದದ್ದು

ಒಂದೂವರೆ ಎಕರೆ ಅಡಿಕೆ, ಬದಿಯಲ್ಲಿ ಸ್ವಲ್ಪ ತೆಂಗು, ಒಂದು ದನ. ಅಷ್ಟರಲ್ಲಿ ಸಂಸಾರ ಸಾಗುವುದಿಲ್ಲ. ಹಾಗಾಗಿ ಅಣ್ಣ ಬೇರೆಯವರ ತೋಟಕ್ಕೂ ಮರ ಹತ್ತಲು ಹೋಗುತ್ತಿದ್ದರು. ಅಕ್ಕ ಬೀಡಿ ಕಟ್ಟುತ್ತಿದ್ದರು. ಮಗಳು ಡಿಗ್ರಿ ಓದುತ್ತಿದ್ದಳು, ಮಗ ಎಂಟನೇ ಕ್ಲಾಸಿನಲ್ಲಿದ್ದ. ಮನೆ ಮಾತು ತುಳು. ಶಾಲೆ, ಆರಾಧನೆ, ಬೈಬಲ್ ಎಲ್ಲ ಕನ್ನಡ. ಪಂಚಾಯತಿನ ಕಾಗದ, ಸರಕಾರಿ ಆಸ್ಪತ್ರೆಯ ಚೀಟಿ ಮಲಯಾಳ. ಕಾಸರಗೋಡು ಸೀಮೆ 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಎಷ್ಟೋ ಮನೆಗಳ ಕಥೆ ಇದೇ. ಈ ಪ್ರಕರಣದಲ್ಲಿ ಭಾಷೆಯ ವಿಷಯ ಮುಂದೆ ಮತ್ತೆ ಬರುತ್ತದೆ.

ಇವರ ಹಿರಿಯರು ಬಾಸೆಲ್ ಮಿಶನ್ ಎಂಬ ಜರ್ಮನ್ ಮಾತಿನ ಕ್ರೈಸ್ತ ಪ್ರಚಾರಕರ ಸಂಸ್ಥೆಯ ಕಾಲದಲ್ಲಿ ಕ್ರೈಸ್ತರಾದವರು. ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1847ರಷ್ಟು ಹಿಂದೆಯೇ ತುಳುವಿನಲ್ಲಿ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಗಿತ್ತು. ಅಜ್ಜಿಗೆ ಜರ್ಮನ್ ರಾಗದ ತುಳು ಗೀತೆಗಳು ಬಾಯಿಪಾಠ. ನುಚ್ಚು ಕೇರುವಾಗಲೂ ಹಾಡುವವರು ಅವರು. ನಂಬಿಕೆ ಈ ಮನೆಗೆ ಹೊಸದಾಗಿರಲಿಲ್ಲ. ಮುಂದೆ ನಡೆದದ್ದನ್ನು ಓದುವಾಗ ಇದು ನೆನಪಿರಲಿ, ಯಾಕೆಂದರೆ 'ಅವರಿಗೆ ವಿಶ್ವಾಸ ಕಡಿಮೆ' ಎಂದು ಹೇಳಿದವರಿದ್ದಾರೆ.

ಜೂನ್ ಬಂತೆಂದರೆ ಅಡಿಕೆಯವರಿಗೆ ಕೊಳೆರೋಗದ ಹೆದರಿಕೆ, ಮಳೆಗೆ ಕಾಯಿ ಕೊಳೆತು ಉದುರುತ್ತದೆ. ಮಳೆ ಹಿಡಿಯುವ ಮೊದಲು ಒಂದು ಸಲ, 40ರಿಂದ 45 ದಿನ ಬಿಟ್ಟು ಇನ್ನೊಂದು ಸಲ ಗೊನೆಗೆ ಮದ್ದು ಬಿಡಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಹಿಡಿದು ನೆಲದಲ್ಲೇ ನಿಂತು ಮದ್ದು ಬಿಡುವವರು ಜಾಸ್ತಿಯಾಗಿದ್ದಾರೆ. ಅಣ್ಣನ ಹತ್ತಿರ ಅದಿರಲಿಲ್ಲ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಹತ್ತುವುದೇ. ಎರಡನೇ ಮದ್ದಿನ ಹೊತ್ತಿಗೆ ಮರಕ್ಕೆ ಪಾಚಿ ಹಿಡಿದಿತ್ತು. ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಕೈ ಜಾರಿತು.

ಬೆನ್ನುಮೂಳೆ ಮುರಿದು ಒಳಗಿನ ಹುರಿಗೆ ಪೆಟ್ಟಾಯಿತು. ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಕರೆದುಕೊಂಡು ಹೋದರು. ಆಪರೇಶನ್ ಆಯಿತು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಬಲವೂ ಸ್ಪರ್ಶವೂ ಹೋಯಿತು. ಮೂತ್ರಕ್ಕೆ ಟ್ಯೂಬು. ಅಕ್ಕನ ಬಳೆ ಹೋದವು, ಸೊಸೈಟಿಯಲ್ಲಿ ಸಾಲವಾಯಿತು. ಮನೆಗೆ ತಂದಾಗ ಡಾಕ್ಟರು ಹೇಳಿದ್ದು ಇಷ್ಟು: ನಡೆಯುವ ಆಸೆ ಇಟ್ಟುಕೊಳ್ಳಬೇಡಿ, ಹುಣ್ಣು ಬಾರದ ಹಾಗೆ ನೋಡಿಕೊಳ್ಳಿ.

ಬಂದವರೆಲ್ಲ ಹೇಳಿದ್ದು

ಮೊದಲ ತಿಂಗಳು ಅಂಗಳ ತುಂಬಾ ಚಪ್ಪಲಿ. ಹಣ್ಣು ತಂದರು, ಬ್ರೆಡ್ ತಂದರು, ಕೆಲವರು ಸದ್ದಿಲ್ಲದೆ ದಿಂಬಿನಡಿ ದುಡ್ಡಿಟ್ಟು ಹೋದರು. ಅದನ್ನೆಲ್ಲ ಮನೆಯವರು ಈಗಲೂ ನೆನೆಯುತ್ತಾರೆ. ಆದರೆ ಬಂದವರಿಗೆ ಸುಮ್ಮನೆ ಕೂತುಕೊಳ್ಳಲು ಆಗುತ್ತಿರಲಿಲ್ಲ. ಏನಾದರೂ ಹೇಳಲೇಬೇಕು ಅನ್ನಿಸುತ್ತಿತ್ತು. 'ಎಲ್ಲ ಒಳ್ಳೆಯದಕ್ಕೇ ಆಗಿದೆ.' 'ದೇವರು ನಿಮ್ಮನ್ನು ಪರೀಕ್ಷೆ ಮಾಡ್ತಿದ್ದಾನೆ.' 'ಯಾವಾಗಲೂ ಸಂತೋಷಿಸಿರಿ ಅಂತ ಪೌಲ ಹೇಳಿದ್ದಾನಲ್ವಾ.' ಹೋಗುವಾಗ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ಓದುತ್ತಿದ್ದರು. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು, ಮನೆಯ ಮಾಡು (ಛಾವಣಿ) ಕಿತ್ತು, ಯೇಸುವಿನ ಮುಂದೆ ಇಳಿಸಿದ ಕಥೆ. ಯೇಸು ಅವನಿಗೆ ಎದ್ದು ಹಾಸಿಗೆ ಎತ್ತಿಕೊಂಡು ಹೋಗು ಎನ್ನುತ್ತಾನೆ.

ಓದಿ ಮುಗಿಸಿ ಅವರು ಎದ್ದು ಹೋಗುತ್ತಿದ್ದರು. ಅಣ್ಣ ಎದ್ದು ಹೋಗುವ ಹಾಗಿರಲಿಲ್ಲ.

ಆಮೇಲೆ ಯಾರೋ ಪರಿಚಯದವರು ದೂರದ ಊರಿನ ಒಂದು ಪ್ರಾರ್ಥನಾ ಕೂಟದ ಸುದ್ದಿ ತಂದರು. ಅಲ್ಲಿ ಖಂಡಿತ ಗುಣವಾಗುತ್ತದೆ ಎಂದರು. ಅಕ್ಕನಿಗೆ ಆಸೆ ಹುಟ್ಟಿತು. ಯಾರಿಗೆ ಹುಟ್ಟುವುದಿಲ್ಲ? ಕಾರು ಮಾಡಿಸಿಕೊಂಡು ಹೋದರು. ಹೋಗುವಾಗಲೂ ಬರುವಾಗಲೂ ಗಂಟೆಗಟ್ಟಲೆ ಸೀಟಿನಲ್ಲಿ ಅಲುಗಾಡದೆ ಕೂತದ್ದು. ಅಲ್ಲಿ ಅಣ್ಣನನ್ನು ಮುಂದೆ ಕೂರಿಸಿ ಎಲ್ಲರೂ ಪ್ರಾರ್ಥಿಸಿದರು. ಕಾಲು ಅಲ್ಲಾಡಲಿಲ್ಲ. ಕೊನೆಗೆ ಒಬ್ಬರು ಅಕ್ಕನ ಹತ್ತಿರ ಬಂದು, ಮನೆಯಲ್ಲಿ ಯಾರದ್ದೋ ಅವಿಶ್ವಾಸ ಅಡ್ಡ ಬರುತ್ತಿದೆ, ಹುಡುಕಿ ಎಂದರು.

ಮನೆಗೆ ಬಂದು ಬಟ್ಟೆ ಬದಲಿಸುವಾಗ ಬಾಲಮೂಳೆಯ ಹತ್ತಿರ ಚರ್ಮ ಕಪ್ಪಾಗಿತ್ತು. ಸ್ಪರ್ಶ ಇಲ್ಲದವರಿಗೆ ಒತ್ತುವುದು ಗೊತ್ತಾಗುವುದಿಲ್ಲ. ನಾವೆಲ್ಲ ಕೂತಲ್ಲೇ ಗೊತ್ತಿಲ್ಲದೆ ಆಚೀಚೆ ಸರಿಯುತ್ತೇವೆ, ಅವರಿಗೆ ಅದಾಗುವುದಿಲ್ಲ. ರಕ್ತ ಓಡದೆ ಚರ್ಮ ಸಾಯುತ್ತದೆ. ಕೆಲವು ದಿನದಲ್ಲಿ ಅದು ಮುಷ್ಟಿಯಷ್ಟು ಆಳದ ಹುಣ್ಣಾಯಿತು.

ಗುಣವಾಗಲಿ ಎಂದು ಪ್ರಾರ್ಥಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ನಾವೂ ಪ್ರಾರ್ಥಿಸುತ್ತೇವೆ. ಆದರೆ ದೇವರ ಪರವಾಗಿ ದಿನ ನಿಗದಿ ಮಾಡಿ ಮಾತು ಕೊಡುವುದಕ್ಕೆ ನಮಗೆ ಅಧಿಕಾರವಿಲ್ಲ. ಮಾತು ನಡೆಯದಾಗ ರೋಗಿಯ ಮೇಲೆ ತಪ್ಪು ಹೊರಿಸುವುದು ಕ್ರೂರ. ಪೌಲನೇ ತನ್ನ ಶರೀರದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಅವನಿಗೆ ಸಿಕ್ಕ ಉತ್ತರ ಕೃಪೆ ಸಾಕು ಎಂಬುದು. ಪೌಲನಿಗೆ ವಿಶ್ವಾಸ ಕಡಿಮೆ ಎಂದು ಯಾರಾದರೂ ಹೇಳುತ್ತಾರಾ?

ಆ ಪ್ರಯಾಣದ ನಂತರ ಬರುವವರೂ ಕಡಿಮೆಯಾದರು. ಅಣ್ಣ ಬೈಬಲನ್ನು ಕಣ್ಣಿಗೆ ಬೀಳದ ಕಡೆ ಇಡಲು ಹೇಳಿದರು. ಅಜ್ಜಿ ಹಾಡುವುದನ್ನು ನಿಲ್ಲಿಸಿದರು, ಮಗನಿಗೆ ಬೇಸರವಾಗುತ್ತದೆ ಅಂತ.

ನರ್ಸ್ ಕೇಳಿದ ಪ್ರಶ್ನೆ

ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಕೇರ್‌ಗೆ, ಅಂದರೆ ದೀರ್ಘ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ, ಸರಕಾರದ್ದೇ ನೀತಿ ಇದೆ. ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ಮೂಲಕ ನರ್ಸ್ ಬರುತ್ತಾರೆ. ಹುಣ್ಣಿಗೆ ಡ್ರೆಸಿಂಗ್ ಮಾಡುತ್ತಾರೆ, ಟ್ಯೂಬ್ ಬದಲಿಸುತ್ತಾರೆ. ಗಡಿಯ ಕನ್ನಡದವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ, ಯಾಕೆಂದರೆ ಆಸ್ಪತ್ರೆ ಎಂದರೆ ನಮಗೆ ಮಂಗಳೂರೇ. ಈ ಮನೆಗೆ ಪಾಲಿಯೇಟಿವ್‌ನವರನ್ನು ಕರೆಸಿದ್ದು ಆಶಾ ಕಾರ್ಯಕರ್ತೆ.

ಬಂದ ನರ್ಸ್‌ಗೆ ಮಲಯಾಳ ಮಾತ್ರ ಬರುತ್ತಿತ್ತು. ಮಗಳು ಮಧ್ಯ ನಿಂತು ತುಳುವಿಗೆ ತಿರುಗಿಸುತ್ತಿದ್ದಳು. ಅಪ್ಪನ ಮೂತ್ರ, ಮಲ, ಒಳಗಿನ ಹುಣ್ಣು, ಇದನ್ನೆಲ್ಲ ಹತ್ತೊಂಬತ್ತರ ಹುಡುಗಿ ಅಪ್ಪನ ಮುಂದೆಯೇ ಹೇಳಬೇಕು. ಅವಳೂ ಕುಗ್ಗುತ್ತಿದ್ದಳು, ಅಪ್ಪ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಹೇಳಬೇಕಾದ್ದರಲ್ಲಿ ಅರ್ಧ ಬಾಯಲ್ಲೇ ಉಳಿಯುತ್ತಿತ್ತು.

ಮಳೆಗಾಲದ ಕೊನೆಗೆ ಅಣ್ಣನಿಗೆ ಚಳಿಜ್ವರ ಬಂತು. ಮೂತ್ರದ ಸೋಂಕು. ನರ್ಸ್ ನೀರಿನ ಚೊಂಬು ನೋಡಿದರು, ಬೆಳಿಗ್ಗೆ ಇಟ್ಟ ಹಾಗೇ ತುಂಬಿತ್ತು. ಅವರು ಮಗಳನ್ನು ಹೊರಗೆ ಕಳಿಸಿದರು. ಹೊರಗೆ ದನದ ಹತ್ತಿರ ನಿಂತಿದ್ದ ನೆರೆಮನೆಯ ಒಬ್ಬರು ನಮ್ಮ ತಂಡದವರೇ, ಮಲಯಾಳ ಬರುತ್ತಿತ್ತು. ಅವರನ್ನು ಒಳಗೆ ಕರೆದರು. ಬಾಗಿಲು ಮುಚ್ಚಿ ನೇರವಾಗಿ ಕೇಳಿದರು: 'ಸಾಯಬೇಕು ಅನ್ನಿಸ್ತದಾ?'

'ಹೌದು' ಎಂದರು ಅಣ್ಣ. ನೀರು ಕುಡಿಯುವುದನ್ನು ಬಿಟ್ಟದ್ದು ಅದಕ್ಕೇ.

ಈ ಪ್ರಕರಣದಲ್ಲಿ ಎಲ್ಲ ಬದಲಾದದ್ದು ಇಲ್ಲಿಂದ. ಅಷ್ಟು ಮಂದಿ ವಿಶ್ವಾಸಿಗಳು ಬಂದು ಹೋಗಿದ್ದರು, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದರೆ ಆ ಯೋಚನೆಯನ್ನು ತಲೆಗೆ ಹಾಕಿದ ಹಾಗಾಗುತ್ತದೆ ಎಂದು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಒಳಗಿನ ಭಾರ ಸ್ವಲ್ಪ ಇಳಿಯುತ್ತದೆ. ಅಣ್ಣ ಅವತ್ತು ತುಂಬಾ ಹೊತ್ತು ಅತ್ತರು. ಜ್ವರಕ್ಕೆ ಆಸ್ಪತ್ರೆಗೆ ಸೇರಿಸಿದಾಗ ಮನಸ್ಸಿನ ಡಾಕ್ಟರನ್ನೂ ಕಂಡರು. ಖಿನ್ನತೆ ಇದೆ ಎಂದು ಔಷಧ ಶುರು ಮಾಡಿದರು. ಮನಸ್ಸಿಗೆ ಮಾತ್ರೆ ತಗೊಂಡರೆ ದೇವರನ್ನು ನಂಬಿಲ್ಲ ಎಂದಾಗುತ್ತದಾ ಎಂದು ಅಕ್ಕ ನಮ್ಮನ್ನು ಕೇಳಿದರು. ಹುಣ್ಣಿಗೆ ಡ್ರೆಸಿಂಗ್ ಮಾಡಿಸುವುದಿಲ್ಲವಾ, ಅದೇ ರೀತಿ ಎಂದೆವು. ಇಂಥ ಸ್ಥಿತಿಯಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಫೋನ್ ಮಾಡಿ.

ಮೊದಲು ನಿದ್ದೆ

ಆಸ್ಪತ್ರೆಯಿಂದ ಬಂದ ಮೇಲೆ ಸಭೆಯ ಭೇಟಿ ತಂಡಕ್ಕೆ ಈ ಮನೆಯ ಜವಾಬ್ದಾರಿ ಬಂತು. ಅದೇ ಸಮಯಕ್ಕೆ ಸಭೆಗೆ ಹೊಸ ಅಯ್ಯನವರು (ಪಾದ್ರಿ) ಬಂದಿದ್ದರು, ಚಿಕ್ಕ ಪ್ರಾಯದವರು. ನಮ್ಮ ಮೊದಲ ಮಾತುಕತೆಯಲ್ಲಿ ಅವರು ಒಂದು ತೀರ್ಮಾನಕ್ಕೆ ಬಂದರು: ಸ್ವಲ್ಪ ಕಾಲ ಆ ಮನೆಯಲ್ಲಿ ಯಾರೂ ಉಪದೇಶ ಮಾಡುವುದು ಬೇಡ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಮಾತಾಡದೆ ಅವನ ಪಕ್ಕ ನೆಲದ ಮೇಲೆ ಕೂತರು, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದರು. ತಂಡದಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ವಾಕ್ಯ ಹೇಳದೆ ಹೋಗುವುದಾದರೆ ನಾವ್ಯಾಕೆ, ಪಾಲಿಯೇಟಿವ್‌ನವರೇ ಸಾಕಲ್ವಾ ಎಂದರು.

ಅಕ್ಕನನ್ನು ಏನು ಬೇಕು ಎಂದು ಕೇಳಿದೆವು. ದುಡ್ಡು ಎನ್ನುತ್ತಾರೆ ಅಂದುಕೊಂಡಿದ್ದೆವು. 'ಒಂದು ರಾತ್ರಿ ನಿದ್ದೆ ಮಾಡಬೇಕು' ಎಂದರು.

ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ. ಅಕ್ಕ ತಿಂಗಳುಗಟ್ಟಲೆ ಫೋನಿನಲ್ಲಿ ಅಲಾರಂ ಇಟ್ಟು ಏಳುತ್ತಿದ್ದರು. ಮಧ್ಯದಲ್ಲಿ ನಿದ್ದೆ ಬಾರದಿದ್ದರೆ ಬೀಡಿ ಎಲೆ ಕತ್ತರಿಸುತ್ತಾ ಕೂರುತ್ತಿದ್ದರು, ಬೆಳಿಗ್ಗೆ ಬೀಡಿ ಬ್ರಾಂಚಿಗೆ ಲೆಕ್ಕ ಒಪ್ಪಿಸಬೇಕಲ್ಲ. ಅಂಥವರ ಹತ್ತಿರ ಸಂತೋಷದ ಬಗ್ಗೆ ಏನು ಮಾತಾಡುವುದು?

ನರ್ಸ್ ನಮಗೆ ಕಲಿಸಿದರು. ಇಬ್ಬರು ಬೇಕು. ಒಬ್ಬರು ಹೆಗಲು, ಇನ್ನೊಬ್ಬರು ಸೊಂಟ ಹಿಡಿದು ಒಟ್ಟಿಗೆ ತಿರುಗಿಸಬೇಕು, ಎಳೆಯಬಾರದು. ಎಳೆದರೆ ಚರ್ಮ ಉಜ್ಜುತ್ತದೆ. ಮೊಣಕಾಲುಗಳ ಮಧ್ಯೆ ದಿಂಬು. ಹಿಮ್ಮಡಿ ಹಾಸಿಗೆಗೆ ತಾಗಬಾರದು. ಟಾರ್ಚ್ ಹಾಕಿ ಬಾಲಮೂಳೆ, ಸೊಂಟದ ಬದಿ, ಹಿಮ್ಮಡಿ ನೋಡಬೇಕು. ಕೆಂಪಾದ ಜಾಗ ಒತ್ತಿದಾಗ ಬಿಳಿಯಾಗದಿದ್ದರೆ ಹೇಳಿ ಎಂದರು. ಕೊನೆಯದಾಗಿ ಹಾಸಿದ ಬಟ್ಟೆಯ ಮಡಿಕೆ. ಅಂಗೈಯಲ್ಲಿ ಸವರಿ ಸವರಿ ಅದನ್ನು ಬಿಡಿಸಬೇಕು. ಒಂದು ಸಣ್ಣ ಮಡಿಕೆ ಸಾಕು, ರಾತ್ರಿ ಬೆಳಗಾಗುವುದರೊಳಗೆ ಹುಣ್ಣು ಮಾಡಲು.

ಶನಿವಾರ ರಾತ್ರಿ ಇಬ್ಬರು ಗಂಡಸರು ಮಲಗಲು ಹೋಗುವುದೆಂದು ಮಾಡಿಕೊಂಡೆವು. ಭಾನುವಾರ ಬೆಳಿಗ್ಗೆ ಮಹಿಳಾ ಕೂಟದವರು ಗಂಜಿ ಮಾಡಿ, ದನ ನೋಡಿಕೊಳ್ಳುವುದು. ನೆರೆಮನೆಯವರು ನರ್ಸ್ ಬರುವ ದಿನ ಮಲಯಾಳ ಮಾತಾಡಲು ಇರುವುದು, ಮಗಳು ಕಾಲೇಜಿಗೆ ಹೋಗುವುದು. ಅಂಗವಿಕಲರ ಪಿಂಚಣಿಯ ಅರ್ಜಿ ಬರೆದವರೂ ಅವರೇ. ಆಗ ತಿಂಗಳಿಗೆ 1,600 ರೂಪಾಯಿ. ಔಷಧದ ಬಿಲ್ಲಿನ ಮುಂದೆ ಅದು ಸಣ್ಣದು, ಆದರೂ ಸಾಲ ಕೇಳದೆ ಬಂದ ದುಡ್ಡು.

ಮೊದಲ ಶನಿವಾರ ಅಕ್ಕ ಎಂಟು ಗಂಟೆಗೆ ಮಲಗಿದವರು ಬೆಳಿಗ್ಗೆ ಆರಕ್ಕೆ ಎದ್ದರು. ಆರಾಧನೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಆಮೇಲೆ ಅವರು ಹೇಳಿದ್ದು ನನಗೆ ಮರೆಯುವುದಿಲ್ಲ: 'ನಿದ್ದೆ ಆಗಿತ್ತು ನೋಡಿ, ಹಾಡಬೇಕು ಅನ್ನಿಸ್ತು. ಇಷ್ಟು ದಿನ ನನಗೆ ದೇವರ ಮೇಲೆ ಕೋಪ ಅಂದುಕೊಂಡಿದ್ದೆ. ಸುಸ್ತಾಗಿತ್ತು, ಅಷ್ಟೇ.'

ಎಂಬತ್ತೆಂಟನೇ ಕೀರ್ತನೆ

ಅಣ್ಣನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಔಷಧದಿಂದ ನಿದ್ದೆ ಬರುತ್ತಿತ್ತು, ಊಟ ಸೇರುತ್ತಿತ್ತು. ಆದರೆ ಮಾತಿಲ್ಲ. ಅಯ್ಯನವರು ವಾರಕ್ಕೊಮ್ಮೆ ಬಂದು ಪಕ್ಕದಲ್ಲಿ ಕೂತು, ಅಡಿಕೆ ರೇಟು ಮಾತಾಡಿ ಹೋಗುತ್ತಿದ್ದರು. ಒಂದು ಸಂಜೆ ಅವರು ಕೇಳಿದರು, 'ಬೈಬಲಲ್ಲಿ ಯಾವುದನ್ನು ಓದಬಾರದು, ಹೇಳಿ. ಅದನ್ನು ಓದುವುದಿಲ್ಲ.'

ಅಣ್ಣ ತಟ್ಟನೆ ಹೇಳಿದರು: 'ಮಾಡು ಕಿತ್ತು ಇಳಿಸಿದ ಕಥೆ ಬೇಡ. ಸಂತೋಷಿಸಿರಿ ಅಂತ ಇರುವುದು ಬೇಡ.'

ಅಯ್ಯನವರು ಎಂಬತ್ತೆಂಟನೇ ಕೀರ್ತನೆ ತೆಗೆದರು. ಸಾಯುವ ಹಾಗಿರುವ ಒಬ್ಬನ ಮೊರೆ ಅದು. ಹಗಲೂ ರಾತ್ರಿಯೂ ಕೂಗುತ್ತಿದ್ದೇನೆ, ಯಾಕೆ ಮುಖ ಮರೆಮಾಡಿದ್ದೀ, ಗೆಳೆಯರನ್ನು ದೂರ ಮಾಡಿದ್ದೀ ಎಂದು ದೇವರನ್ನೇ ಕೇಳುತ್ತಾನೆ. ದುಃಖದ ಬೇರೆ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆ ಎಂಬಲ್ಲಿಗೆ ಮುಗಿದುಬಿಡುತ್ತದೆ. ಅಯ್ಯನವರು ಓದಿ ಪುಸ್ತಕ ಮುಚ್ಚಿದರು.

'ಮುಗೀತಾ?' ಎಂದರು ಅಣ್ಣ.

'ಮುಗೀತು.'

'ಮತ್ತೆ ಒಳ್ಳೇದಾಗುವುದು ಎಲ್ಲಿ?'

'ಈ ಕೀರ್ತನೆಯಲ್ಲಿ ಇಲ್ಲ.'

'ಹಾಗಿದ್ದೂ ಬೈಬಲಲ್ಲಿ ಇಟ್ಟಿದ್ದಾರಾ?' ಸ್ವಲ್ಪ ಹೊತ್ತು ಬಿಟ್ಟು, 'ಇನ್ನೊಮ್ಮೆ ಓದಿ' ಎಂದರು.

ಅವತ್ತು ನಾನು ಅಲ್ಲೇ ಇದ್ದೆ. ಮನೆಗೆ ಬಂದು ಆ ಕೀರ್ತನೆಯನ್ನು ಮತ್ತೆ ಓದಿದೆ. ಅಷ್ಟೆಲ್ಲ ದೂರುವವನು ಮೊದಲ ಸಾಲಿನಲ್ಲಿ ದೇವರನ್ನು ತನ್ನ ರಕ್ಷಕನೆಂದೇ ಕರೆಯುತ್ತಾನೆ. ಕೊನೆಯವರೆಗೂ ಮಾತಾಡುವುದು ದೇವರ ಹತ್ತಿರವೇ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥ ಮೊರೆಗಳೇ. ಯೇಸು ಶಿಲುಬೆಯ ಮೇಲೆ ಕೂಗಿದ್ದೂ ಇಪ್ಪತ್ತೆರಡನೇ ಕೀರ್ತನೆಯ ಮೊದಲ ಮಾತನ್ನು, ಯಾಕೆ ಕೈಬಿಟ್ಟೆ ಎಂಬುದನ್ನು. ನಮ್ಮ ಆರಾಧನೆಗಳಲ್ಲಿ ಇವನ್ನು ಓದುವುದು ತುಂಬಾ ಕಡಿಮೆಯಾಗಿದೆ. ನೊಂದವರು ತಮ್ಮ ಮಾತಿಗೆ ದೇವರ ಮನೆಯಲ್ಲಿ ಜಾಗವೇ ಇಲ್ಲ ಅಂದುಕೊಳ್ಳುವುದು ಅದಕ್ಕೇ ಇರಬೇಕು.

ಆಮೇಲೆ ಅಣ್ಣ ದೂರಲು ಶುರು ಮಾಡಿದರು. ರಾತ್ರಿ ಜೋರಾಗಿಯೇ. ಅಕ್ಕನಿಗೆ ಹೆದರಿಕೆ, ಹೀಗೆಲ್ಲ ದೇವರಿಗೆ ಹೇಳಬಹುದಾ ಎಂದು. ಅಜ್ಜಿ ಮಾತ್ರ, 'ಹೇಳಲಿ ಬಿಡು, ಇಷ್ಟು ದಿನ ಮಾತೇ ಬಿಟ್ಟಿದ್ದ' ಎಂದರು. ಅಜ್ಜಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಸಂತೋಷದ ವಚನಕ್ಕೆ ಮರಳಿದ್ದೂ ಅಜ್ಜಿಯಿಂದಲೇ. ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಒಂದು ಮಧ್ಯಾಹ್ನ ಮೊದಲಿಂದ ಕೊನೆವರೆಗೆ ಓದಿ ಹೇಳಿದರಂತೆ, ಒಂದು ವಚನ ಕಿತ್ತು ಕೊಡದೆ. ಪೌಲ ಅದನ್ನು ಬರೆದದ್ದು ಬೇಡಿಯಲ್ಲಿದ್ದಾಗ. ಪತ್ರ ಪಡೆದ ಫಿಲಿಪ್ಪಿಯವರು ಅವನು ತಮ್ಮ ಊರಿನಲ್ಲೇ ಹೊಡೆತ ತಿಂದು ಜೈಲು ಸೇರಿದ್ದನ್ನು ನೋಡಿದವರು. ಅದೇ ಪತ್ರದಲ್ಲಿ ಎಪಫ್ರೊದೀತನ ವಿಷಯ ಬರುತ್ತದೆ. ಪೌಲನ ಸೇವೆಗೆಂದು ಆ ಸಭೆ ಕಳಿಸಿದವನು, ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ. ಅವನು ತೀರಿಹೋಗಿದ್ದರೆ ನನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಪೌಲ ಬಿಚ್ಚಿ ಬರೆಯುತ್ತಾನೆ. ಸಂತೋಷಿಸಿರಿ ಎಂದವನೂ ಅವನೇ, ಅಳುವುದನ್ನು ಮುಚ್ಚಿಡದವನೂ ಅವನೇ. 'ಇದನ್ನು ಯಾರೂ ನನಗೆ ಹೇಳಿರಲಿಲ್ಲ' ಎಂದು ಅಣ್ಣ ನಮ್ಮ ಹತ್ತಿರ ಹೇಳಿದರು.

ಕೇಳಿದ್ದು ಒಂದು ಸಹಾಯ

ಸಭೆಯಲ್ಲಿ ಪ್ರಾರ್ಥನಾ ಪಟ್ಟಿ ನೋಡಿಕೊಳ್ಳುತ್ತಿದ್ದ ಹಿರಿಯರು ತಮ್ಮ ಮಗನ ಮನೆಯಲ್ಲಿರಲು ಹೋದರು. ಕಾಯಿಲೆಯವರಿಗೆ, ಒಂಟಿ ಇರುವವರಿಗೆ ಫೋನ್ ಮಾಡಿ ವಿಚಾರಿಸುವ ಕೆಲಸ ಅದು. ಅಯ್ಯನವರು ಅದನ್ನು ಅಣ್ಣನಿಗೆ ಕೊಡೋಣ ಎಂದಾಗ ಕಮಿಟಿಯಲ್ಲಿ ಬಹಳ ಮಾತಾಯಿತು. ಪಾಪ, ಅವರದ್ದೇ ಅವರಿಗೆ ಸಾಕಾಗಿದೆ, ಇನ್ನೊಬ್ಬರ ಕಷ್ಟ ಯಾಕೆ ತಲೆಗೆ ಹಾಕುವುದು ಎಂದರು. ಕಾಳಜಿಯಿಂದಲೇ ಹೇಳಿದ್ದು. ಆದರೆ ಬಿದ್ದ ದಿನದಿಂದ ಆ ಮನುಷ್ಯನ ಹತ್ತಿರ ಯಾರೂ ಏನನ್ನೂ ಕೇಳಿರಲಿಲ್ಲ. ಎಲ್ಲರೂ ಕೊಡುವವರೇ. ನಲವತ್ತೈದು ವರ್ಷ ದುಡಿದ ಕೈಗೆ ಅದು ಎಷ್ಟು ಭಾರ ಎಂದು ನಾವು ಯೋಚಿಸುವುದಿಲ್ಲ.

ಅಯ್ಯನವರು ಹಠ ಹಿಡಿದು ಕೇಳಿಯೇ ಬಿಟ್ಟರು. ಅಣ್ಣ ಎರಡು ದಿನ ಉತ್ತರ ಹೇಳಲಿಲ್ಲ. ಮೂರನೇ ದಿನ ಮಗನ ಹಳೆಯ ನೋಟ್‌ಬುಕ್ ತರಿಸಿ, ಖಾಲಿ ಉಳಿದ ಹಾಳೆಗಳಿಗೆ ಗೆರೆ ಎಳೆಸಿದರು. ಹೆಸರು, ಕಾಯಿಲೆ, ಔಷಧ, ಯಾರು ನೋಡಿಕೊಳ್ಳುತ್ತಾರೆ, ಕಳೆದ ಸಲ ಏನು ಹೇಳಿದರು.

ಬೆಳಿಗ್ಗೆ ಡ್ರೆಸಿಂಗ್ ಮುಗಿದ ಮೇಲೆ ಫೋನ್ ಶುರು. 'ಮೊನ್ನೆ ಮೊಣಕಾಲು ನೋವು ಅಂದ್ರಲ್ಲ, ಈಗ ಹೇಗುಂಟು?' ಅವರ ಸ್ವರ ಕೇಳಿದವರು ಯಾರೂ ಸಂಕೋಚ ಪಡುತ್ತಿರಲಿಲ್ಲ. ಕಷ್ಟ ಗೊತ್ತಿರುವವರ ಹತ್ತಿರ ಕಷ್ಟ ಹೇಳಲು ನಾಚಿಕೆ ಏನು? ಪ್ರಾರ್ಥಿಸಿ ಎಂದರೆ ಫೋನಿನಲ್ಲೇ ಪ್ರಾರ್ಥಿಸುತ್ತಿದ್ದರು, ಎರಡೇ ವಾಕ್ಯ. ಒಂದು ದಿನ ಒಂಟಿ ಇರುವ ಒಬ್ಬ ಅಜ್ಜ ಎರಡು ಸಲ ಫೋನ್ ಎತ್ತಲಿಲ್ಲ. ಅಣ್ಣ ಅಲ್ಲಿನ ಅಂಗಡಿಯವರಿಗೆ ಫೋನ್ ಮಾಡಿ ಕಳಿಸಿದರು. ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸಂಜೆ ನಾವು ಹೋದಾಗ ಅಣ್ಣ ಹೇಳಿದ್ದು, 'ಇವತ್ತು ಕೆಲಸಕ್ಕೆ ಹೋಗಿ ಬಂದ ಹಾಗಾಯ್ತು.' ಮುಖ ನೋಡಬೇಕಿತ್ತು ನೀವು.

ಸಂತೋಷ ಎಂದು ನಾನು ಹೇಳುವುದು ಆ ಮುಖವನ್ನು. ಕಾಲು ಬರಲಿಲ್ಲ, ಸಾಲ ತೀರಿರಲಿಲ್ಲ, ಹುಣ್ಣು ಆಗ ಇನ್ನೂ ಅರ್ಧ ಮಾಗಿತ್ತಷ್ಟೇ.

ಕೆಲವು ತಿಂಗಳ ನಂತರ ಅವರ ಮನೆಯಲ್ಲೇ ಪ್ರಾರ್ಥನಾ ಕೂಟ ಇತ್ತು. ಯಾವ ಭಾಗ ಓದೋಣ ಎಂದು ಅಯ್ಯನವರು ಕೇಳಿದರು. ಮಾರ್ಕ ಎರಡು ಎಂದರು ಅಣ್ಣ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರೇ ಓದಿದರು. ಓದಿ ಮುಗಿಸಿ, 'ಅಲ್ಲ ಮಾರಾಯ್ರೇ, ಮಾಡು ಕಿತ್ತರಲ್ಲ, ಆ ಮನೆಯವನಿಗೆ ರಿಪೇರಿಗೆ ದುಡ್ಡು ಕೊಟ್ಟದ್ದು ಯಾರು?' ಎಂದರು. ಎಲ್ಲರೂ ನಕ್ಕರು. ಅಕ್ಕ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಿದ್ದ ಮೇಲೆ ಅಣ್ಣ ತಮಾಷೆ ಮಾಡಿದ್ದು ಅದೇ ಮೊದಲು.

ಆಮೇಲೆ ಗಂಭೀರವಾಗಿ ಒಂದು ಮಾತು ಹೇಳಿದರು. 'ಇಲ್ಲಿ ನೋಡಿ. ಅವರ ನಂಬಿಕೆ ನೋಡಿ ಅಂತ ಬರೆದಿದೆ. ಹೊತ್ತು ತಂದವರ ನಂಬಿಕೆ. ಮಲಗಿದವನಿಗೆ ನಿನ್ನ ವಿಶ್ವಾಸ ಎಷ್ಟು ಅಂತ ಯೇಸು ಕೇಳಲೇ ಇಲ್ಲ.'

ದೂರದ ಆ ಕೂಟದಲ್ಲಿ ಅಕ್ಕನಿಗೆ ಹೇಳಿದ ಮಾತಿಗೆ ಉತ್ತರ ಇದು. ವರ್ಷಗಟ್ಟಲೆ ಆ ಅಧ್ಯಾಯ ಓದಿದ ನಮಗ್ಯಾರಿಗೂ ಹೊಳೆಯದ್ದು, ಹಾಸಿಗೆಯಿಂದ ಓದಿದವರಿಗೆ ಕಂಡಿತು. ಸತ್ತು ಎದ್ದ ಕ್ರಿಸ್ತನ ಮೈಮೇಲೂ ಗಾಯಗಳು ಹಾಗೇ ಇದ್ದವು, ನಂಬದ ಶಿಷ್ಯ ತೋಮನಿಗೆ ತೋರಿಸಿದ್ದು ಅವನ್ನೇ, ಎಂದು ಅಯ್ಯನವರು ಸೇರಿಸಿದರು. ಅಣ್ಣನ ಭರವಸೆ ಈಗ ನಿಂತಿರುವುದು ಇದರ ಮೇಲೆ. ಒಂದು ದಿನ ನಡೆಯುತ್ತೇನೆ, ಈ ಲೋಕದಲ್ಲಿ ಅಲ್ಲದಿದ್ದರೆ ಪುನರುತ್ಥಾನದಲ್ಲಿ, ಎನ್ನುತ್ತಾರೆ. ಅದನ್ನು ಹೇಳುವಾಗ ಯಾರನ್ನೋ ಒಪ್ಪಿಸುವ ಆತುರ ಅವರಿಗಿಲ್ಲ.

ಈಗ

ಹುಣ್ಣು ಮಾಗಿದೆ. ಗಾಲಿ ಕುರ್ಚಿ ಬಂದಿದೆ, ಜಗಲಿಗೆ ಇಳಿಜಾರು ಕಟ್ಟಿದ್ದೇವೆ. ಅಣ್ಣ ದಿನದಲ್ಲಿ ಸ್ವಲ್ಪ ಹೊತ್ತು ಅಡಿಕೆ ಸುಲಿಯುತ್ತಾರೆ, ಆಗಾಗ ಕೈ ಊರಿ ಮೈ ಎತ್ತಿ ಒತ್ತಡ ತಪ್ಪಿಸುವುದು ಅಭ್ಯಾಸವಾಗಿದೆ. ಸಾಲ ಇನ್ನೂ ಇದೆ. ಮನಸ್ಸಿನ ಮಾತ್ರೆಯನ್ನು ಡಾಕ್ಟರು ಕಡಿಮೆ ಮಾಡಿದ್ದಾರೆ, ನಿಲ್ಲಿಸಿಲ್ಲ. ಮಳೆ ಹಿಡಿದು ತೋಟದಲ್ಲಿ ಮದ್ದು ಬಿಡುವ ಪಂಪಿನ ಸದ್ದು ಕೇಳಿದರೆ ಅವರಿಗೆ ಈಗಲೂ ಆಗುವುದಿಲ್ಲ, ಆ ದಿನಗಳಲ್ಲಿ ಎಂಬತ್ತೆಂಟನೇ ಕೀರ್ತನೆಗೇ ಹೋಗುತ್ತಾರೆ. ಮಗ ಆರಾಧನೆಗೆ ಬರುವುದಿಲ್ಲ. ಅಪ್ಪನಿಗೆ ಹೀಗೆ ಮಾಡಿದ ದೇವರ ಮೇಲೆ ಅವನಿಗೆ ಸಿಟ್ಟು. ಅಣ್ಣ ಅವನನ್ನು ಒತ್ತಾಯ ಮಾಡುವುದಿಲ್ಲ, ಯಾರಿಗೂ ಮಾಡಲು ಬಿಡುವುದಿಲ್ಲ. 'ನನಗೆ ಬೇಕಾಯ್ತಲ್ಲ ಅಷ್ಟು ಸಮಯ, ಅವನಿಗೂ ಬೇಡವಾ' ಎನ್ನುತ್ತಾರೆ.

ನಮ್ಮ ತಂಡದ ರೂಢಿ ಬದಲಾಗಿದೆ. ಹೋದ ಮನೆಯಲ್ಲಿ ರಾತ್ರಿ ಯಾರು ಎದ್ದಿರುತ್ತಾರೆ ಎಂದು ಮೊದಲು ಕೇಳುತ್ತೇವೆ. ಯಾವ ವಾಕ್ಯ ಓದಬೇಕು, ಯಾವುದು ಬೇಡ ಎಂದು ರೋಗಿಯನ್ನೇ ಕೇಳುತ್ತೇವೆ. ಗುಣವಾಗುವ ದಿನದ ಬಗ್ಗೆ ಯಾರೂ ಮಾತು ಕೊಡುವುದಿಲ್ಲ. ಪಾಲಿಯೇಟಿವ್‌ನವರು ಬರುವ ದಿನ ಮಲಯಾಳ ಬಲ್ಲವರೊಬ್ಬರು ಇರುತ್ತಾರೆ, ಮಕ್ಕಳನ್ನು ನಿಲ್ಲಿಸುವುದಿಲ್ಲ. ಸಮಯ ಬಂದಾಗ ಅವರ ಹತ್ತಿರ ಒಂದು ಸಹಾಯ ಕೇಳುತ್ತೇವೆ. ಇದಕ್ಕೆ ಯಾವಾಗ ಸಮಯ ಎಂದು ಹೇಳುವುದು ಕಷ್ಟ, ಬೇಗ ಕೇಳಿದರೆ ಅದೂ ಒಂದು ಹೊರೆಯಾಗುತ್ತದೆ. ಅಣ್ಣನ ವಿಷಯದಲ್ಲಿ, ಅವರು ತಾವಾಗಿ ಬೇರೆಯವರ ಕ್ಷೇಮ ವಿಚಾರಿಸಲು ಶುರು ಮಾಡಿದ ಮೇಲೆ ಅಯ್ಯನವರು ಕೇಳಿದ್ದು.

ಕಳೆದ ತಿಂಗಳಿಂದ ಪಕ್ಕದ ಊರಿನಲ್ಲಿ ಸ್ಟ್ರೋಕ್ ಆಗಿ ಮಲಗಿರುವ ಒಬ್ಬ ತಾಯಿಯ ಮನೆಗೆ ಶನಿವಾರ ರಾತ್ರಿ ಹೋಗುತ್ತಿದ್ದೇವೆ. ಅವರು ಕ್ರೈಸ್ತರಲ್ಲ, ಅಣ್ಣನ ಪಟ್ಟಿಯಲ್ಲಿ ಅವರ ಹೆಸರನ್ನು ಸೇರಿಸಿದ್ದು ಅಲ್ಲಿಗೂ ಹೋಗುವ ಅದೇ ನರ್ಸ್. ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ಮಗ್ಗುಲು ಬದಲಿಸುವುದನ್ನು ಕಲಿಸುವವರು ಅಕ್ಕ. ಅಣ್ಣ ಗಾಲಿ ಕುರ್ಚಿಯಲ್ಲಿ ಕೂತು ತಪ್ಪು ಹುಡುಕುತ್ತಾರೆ: 'ದಿಂಬು ಆಮೇಲೆ ಇಡಿ, ಮೊದಲು ಬಟ್ಟೆಯ ಮಡಿಕೆ ಬಿಡಿಸಿ!'